ಗಡಿಯಾರ ಓಡದ ಹೊತ್ತು

ಹೌದು ಅಂದುಬಿಟ್ಟರೆ ಆಯಿತಲ್ಲ? ಎರಡಕ್ಷರ. ಆದರೆ ಹೌದು ಅಂದ ಮೇಲೆ, ನಾಳೆ ಇನ್ನೊಂದು ಹುಡುಗಿಯ ಮೊಣಕಾಲು ಮುರಿದು, ಅವಳ ಅಪ್ಪನೂ ತನ್ನ ಹಾಗೆ ಐಸಿನ ಚೀಲ ಹಿಡಿದು ಕೂತರೆ ಆ ಪಾಪ ಯಾರ ತಲೆಗೆ? ಇಲ್ಲ ಅಂದರೋ, ಮಗಳ ಇಷ್ಟೂ ವರ್ಷದ ಬೆವರಿನ ಮೇಲೆ ತಾನೇ ಬೂದಿ ಸುರಿದ ಹಾಗೆ. ಗೊತ್ತಿಲ್ಲ ಅಂತ ಜಾರಿಕೊಳ್ಳೋಣವೆಂದರೆ, ಗೊತ್ತಿಲ್ಲದೆ ಏನು, ಅಂಕಣದ ಪಕ್ಕದಲ್ಲೇ ಮೇಜು ಹಾಕಿಕೊಂಡು ಕೂತಿದ್ದವನಲ್ಲವೆ?

ವಿಜಯ್‌ಕುಮಾರ್ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಬಚ್ಚಲ ಪಕ್ಕದ ಕನ್ನಡಿಯೆದುರು ನಿಂತು ಎಷ್ಟೋ ಹೊತ್ತಾಗಿತ್ತು. ಸೋಪು ಒಣಗಿ ಮುಖ ಬಿಗಿಯುತ್ತಿತ್ತು. ರೇಜರು ಕೈಯಲ್ಲಿ ಹಾಗೇ ಇತ್ತು.

“ಏನ್ರೀ, ಕನ್ನಡೀಲಿ ಇನ್ನೊಬ್ರು ಯಾರಾದ್ರೂ ಕಾಣ್ತಾವ್ರಾ?” ಅಡುಗೆಮನೆಯಿಂದ ಹೆಂಡತಿ ಕಮಲ ಕೇಳಿದರು. “ಸಾಯಂಕಾಲ ಸನ್ಮಾನ ಇರೋದು ಮಗಳಿಗೆ, ನಿಮಗಲ್ಲ. ಬೇಗ ಕೆರ್ಕೊಂಡು ಬನ್ನಿ. ಇಡ್ಲಿ ಆರೋಗ್ತದೆ.”

ಉತ್ತರ ಕೊಡುತ್ತಾರೆಂದು ಕಮಲ ಕಾಯಲಿಲ್ಲ. ಮದುವೆಯಾದ ಹೊಸತರಲ್ಲಿ ಕಾಯುತ್ತಿದ್ದರು, ಆಮೇಲೆ ಅಭ್ಯಾಸ ತಪ್ಪಿಹೋಗಿತ್ತು.

ಹಿಂದಿನ ಸಂಜೆ ಮಗಳು ಹರ್ಷಿತಾ ಜಗಲಿಯ ಮೇಲೆ ಬಲಗಾಲು ನೀಡಿಕೊಂಡು ಕೂತಿದ್ದಳು. ಮೊಣಕಾಲಿನ ಮೇಲೆ ಮೂರು ಸಲ ಕೊಯ್ದ ಗೆರೆಗಳು ಒಂದರ ಮೇಲೊಂದು ಬಿದ್ದು, ಮಗು ಪದೇ ಪದೇ ಬರೆದು ಅಳಿಸಿದ ಸ್ಲೇಟಿನಂತೆ ಕಾಣುತ್ತಿತ್ತು. ಈ ಸಲ ಡಾಕ್ಟರು ಆಟದ ಮಾತು ಎತ್ತಲೇಬೇಡಿ ಅಂದಿದ್ದರು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ ಅಂತಲೂ ಅಂದಿದ್ದರು. ದೇಶದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಾಯಕಿಯಾಗಿದ್ದವಳಿಗೆ, ಆಟವನ್ನೇ ಕಸುಬು ಮಾಡಿಕೊಂಡವಳಿಗೆ, ಮೂವತ್ತು ತುಂಬುವ ಮೊದಲೇ ಹೇಳಿದ ಮಾತು ಅದು. ಕ್ರೀಡಾ ಕೋಟಾದಲ್ಲಿ ಸಿಕ್ಕಿದ್ದ ರೈಲ್ವೆ ನೌಕರಿಯೊಂದು ಉಳಿದಿತ್ತು. ಹುಬ್ಬಳ್ಳಿಯ ಕಚೇರಿಯಲ್ಲಿ ಒಂದು ಕುರ್ಚಿ, ಒಂದು ಕಂಪ್ಯೂಟರು.

ವಿಜಯ್‌ಕುಮಾರ್ ಅವಳ ಮೊಣಕಾಲಿಗೆ ಐಸಿನ ಚೀಲ ಒತ್ತಿ ಹಿಡಿದಿದ್ದರು. ಅವಳು ಬೀದಿಯ ಕಡೆ ನೋಡುತ್ತಲೇ ಕೇಳಿದಳು.

“ಅಪ್ಪ, ಕ್ಲಬ್ಬಿಂದ ಮೃತ್ಯುಂಜಯ ಅಂಕಲ್ ಮತ್ತೆ ಫೋನ್ ಮಾಡಿದ್ರು. ಹುಡುಗೀರ ಬ್ಯಾಚಿಗೆ ಕೋಚ್ ಆಗಿ ಬಾ ಅಂತಾರೆ. ನಾನು ಬರದಿದ್ರೆ ಬ್ಯಾಚೇ ಮುಚ್ಚಬೇಕಂತೆ. ಮೈಸೂರಿಗೆ ವರ್ಗ ಕೇಳಿದ್ರೆ ಕೊಡ್ತಾರೆ, ಅದೇನೂ ಕಷ್ಟ ಇಲ್ಲ.”

“ಹ್ಞೂಂ.”

“ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಇದೆಲ್ಲ ಆಗ್ಬೇಕಿತ್ತಾ? ಆಡಿದ್ದು, ಬಿದ್ದಿದ್ದು, ಕೊಯ್ಸಿಕೊಂಡಿದ್ದು. ಇಷ್ಟು ಕೊಟ್ಟಿದ್ದಕ್ಕೆ ಆಟ ಸಾಟೀನಾ?”

ಅವರು ಚೀಲವನ್ನು ಇನ್ನೊಂದು ಮಗ್ಗುಲಿಗೆ ಸರಿಸಿದರು.

“ಯಾರೂ ನೋಡಿಲ್ಲ ಅಪ್ಪ ನನ್ನ ಆಟ. ಫೈನಲ್ ಆಡುವಾಗ ಗ್ಯಾಲರೀಲಿ ಜನಕ್ಕಿಂತ ನಮ್ಮ ಬ್ಯಾಗುಗಳೇ ಜಾಸ್ತಿ ಇರ್ತಿದ್ವು. ಮೊದಲಿಂದ ನೋಡಿರೋರು ಅಂದ್ರೆ ನೀವೊಬ್ರೇ. ನೀವು ಹೌದು ಅಂದ್ರೆ ಇಲ್ಲೇ ಇದ್ದು ಆ ಮಕ್ಕಳಿಗೆ ಕಲಿಸ್ತೀನಿ. ಇಲ್ಲ ಅಂದ್ರೆ, ಇನ್ನೊಬ್ರ ಮಕ್ಕಳಿಗೆ ಈ ಕಾಲು ದಾನ ಮಾಡೋದು ಬೇಡ. ನಾಳೆ ಸನ್ಮಾನ ಮುಗಿಯೋ ಹೊತ್ತಿಗೆ ಹೇಳಿದ್ರೆ ಸಾಕು.”

“ಐಸು ಕರಗೋಯ್ತು,” ಅಂದರು ವಿಜಯ್‌ಕುಮಾರ್. “ಬೇರೆ ತರ್ತೀನಿ.” ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ತಣ್ಣನೆಯ ಗಾಳಿಯಲ್ಲಿ ಸುಮ್ಮನೆ ನಿಂತರು. ಮತ್ತೆ ಹೊರಗೆ ಬಂದಾಗ ಅವಳು ಎದ್ದುಹೋಗಿದ್ದಳು.

ಮೈಸೂರಿನ ಕುಂಬಾರಕೊಪ್ಪಲಿನ ಆ ಕ್ಲಬ್ಬಿನಲ್ಲಿ ವಿಜಯ್‌ಕುಮಾರರನ್ನು ಕಲ್ಲು ವಿಜಯಣ್ಣ ಅಂತಲೇ ಕರೆಯುತ್ತಿದ್ದರು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಶಿಫ್ಟು ಮುಗಿಸಿ ಮಗಳನ್ನು ಆಟಕ್ಕೆ ಬಿಟ್ಟು ಕರೆದುಕೊಂಡು ಹೋಗಲು ಬರುತ್ತಿದ್ದರು. ಸುಮ್ಮನೆ ಕೂರುವ ಮನುಷ್ಯನನ್ನು ಕಂಡರೆ ಕ್ಲಬ್ಬಿನ ಕಾರ್ಯದರ್ಶಿ ಮೃತ್ಯುಂಜಯನಿಗೆ ಆಗುತ್ತಿರಲಿಲ್ಲ. “ಹೆಂಗೂ ಕೂತಿರ್ತೀರಿ, ಗಡಿಯಾರದ ಮುಂದೆ ಕೂತ್ಕೊಳ್ಳಿ” ಅಂತ ಪರೀಕ್ಷೆ ಕಟ್ಟಿಸಿ, ಪಂದ್ಯದ ಗಡಿಯಾರ ನಡೆಸುವ ಕೆಲಸಕ್ಕೆ ಕೂರಿಸಿದ್ದ. ಚೆಂಡು ಆಟಗಾರರ ಕೈಗೆ ತಗುಲಿದ ಕೂಡಲೇ ಗುಂಡಿ ಒತ್ತಬೇಕು, ಗಡಿಯಾರ ಓಡಬೇಕು. ರೆಫ್ರಿ ಸೀಟಿ ಊದಿದ ಕೂಡಲೇ ಮತ್ತೆ ಒತ್ತಬೇಕು, ನಿಲ್ಲಬೇಕು. ಅಷ್ಟೇ ಕೆಲಸ. ಆದರೆ ಆ ಮೇಜಿಗೆ ಒಂದು ವ್ರತವಿದೆ. ಅಲ್ಲಿ ಕೂತವರು ಚಪ್ಪಾಳೆ ತಟ್ಟುವ ಹಾಗಿಲ್ಲ, ಅಯ್ಯೋ ಅನ್ನುವ ಹಾಗಿಲ್ಲ, ಮುಖ ಅರಳಿಸುವ ಹಾಗೂ ಇಲ್ಲ. ಎರಡೂ ತಂಡ ಅವರಿಗೆ ಒಂದೇ.

ಮಗಳು ಆಡುವ ಪಂದ್ಯಕ್ಕೆ ಅಪ್ಪ ಗಡಿಯಾರ ನಡೆಸುವುದೇ ಎಂದು ಒಮ್ಮೆ ಮಂಡ್ಯದ ತಂಡದವರು ತಕರಾರು ತೆಗೆದಿದ್ದರು. ಮೃತ್ಯುಂಜಯ ಅವರನ್ನು ಮೇಜಿನ ಹತ್ತಿರ ಕರೆತಂದು, “ಸ್ವಾಮಿ, ಈ ಮುಖ ಒಂದ್ಸಲ ನೋಡಿ. ಮಗಳು ಯಾವ ಕಡೆ ಆಡ್ತಾವ್ಳೆ ಹೇಳಿ, ನೋಡಣ” ಅಂದಿದ್ದ. ಅವರು ನೋಡಿ, ನಕ್ಕು, ಹೋಗಿದ್ದರು.

ವ್ರತವೆಂದು ಹಿಡಿದದ್ದು ವಿಜಯ್‌ಕುಮಾರರಿಗೆ ಕಷ್ಟವಾಗಲಿಲ್ಲ. ಮೊದಲೇ ಮಾತು ಕಡಿಮೆಯ ಮನುಷ್ಯ. ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತ ಮಗಳು, “ಹೆಂಗಾಡ್ದೆ ಅಪ್ಪ?” ಅಂತ ಕೇಳುತ್ತಿದ್ದಳು. “ಗಟ್ಟಿ ಹಿಡ್ಕೊ, ಹಂಪ್ ಬಂತು” ಅನ್ನುತ್ತಿದ್ದರು. ಕೊಪ್ಪಲಿನಲ್ಲಿ ಹಂಪುಗಳಿಗೇನೂ ಬರವಿರಲಿಲ್ಲ. ಕೆಲವು ವರ್ಷ ಕೇಳಿ ಅವಳೂ ಬಿಟ್ಟಳು.

ಸಂಜೆ ಅದೇ ಅಂಕಣದ ಒಂದು ತುದಿಗೆ ಶಾಮಿಯಾನ ಹಾಕಿ ವೇದಿಕೆ ಮಾಡಿದ್ದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅರ್ಧ ತುಂಬಿದ್ದವು. ಮುಂದಿನ ಸಾಲಿನಲ್ಲಿ ಕಮಲ, ಪಕ್ಕದಲ್ಲಿ ವಿಜಯ್‌ಕುಮಾರ್. ಬ್ಯಾಚಿನ ಹುಡುಗಿಯರು ಬ್ಯಾಸ್ಕೆಟ್ಟಿನ ಕಂಬದ ಬುಡದಲ್ಲಿ ನೆಲದ ಮೇಲೇ ಸಾಲಾಗಿ ಕೂತಿದ್ದರು. ಅವರಲ್ಲಿ ಉದ್ದನೆಯ ಜಡೆಯ ಲಹರಿ ಅನ್ನುವ ಹುಡುಗಿ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು, ಯಾರೋ ಕಸಿದುಕೊಳ್ಳುತ್ತಾರೆ ಅನ್ನುವ ಹಾಗೆ.

ಮುಖ್ಯ ಅತಿಥಿಗಳು ತಡವಾಗಿ ಬಂದರು, ಬೇಗ ಮೈಕು ಹಿಡಿದರು. “ನಮ್ಮ ಕುಂಬಾರಕೊಪ್ಪಲಿನ ಹೆಮ್ಮೆಯ ಪುತ್ರಿ, ವಾಲಿಬಾಲ್ ತಾರೆ ಕುಮಾರಿ ಹರ್ಷಿತಾ ಅವರು...”

ಹುಡುಗಿಯರ ಸಾಲಿನಲ್ಲಿ ಕಿಸಿಕಿಸಿ ಎದ್ದಿತು. ಮೃತ್ಯುಂಜಯ ಬಗ್ಗಿ ಕಿವಿಯಲ್ಲಿ ಏನೋ ಹೇಳಿದ. ಅತಿಥಿಗಳು ತಲೆಯಾಡಿಸಿ, “ಯಾವ ಬಾಲಾದ್ರೇನು ಬಿಡಿ, ಒಟ್ನಲ್ಲಿ ಚೆಂಡು ತಾನೆ” ಅಂದರು. ಎಲ್ಲರೂ ನಕ್ಕರು. ಹರ್ಷಿತಾಳೂ ನಕ್ಕಳು. ಅವಳು ಹಾಗೆ ನಗುವುದನ್ನು ಎಲ್ಲಿ ಕಲಿತಳೋ ಎಂದು ವಿಜಯ್‌ಕುಮಾರ್ ಯೋಚಿಸಿದರು. ಹಲ್ಲು ಮಾತ್ರ ಕಾಣುವ ನಗೆ.

ಪೇಟ ತೊಡಿಸುವಾಗ ಇನ್ನೊಂದು ಪೇಚು. ಅವಳು ಅತಿಥಿಗಳಿಗಿಂತ ಒಂದು ತಲೆ ಎತ್ತರ. “ಸ್ವಲ್ಪ ಬಗ್ಗಮ್ಮ” ಅಂದರು. ಮೊಣಕಾಲು ಮಡಿಸಲಾಗದೆ ಅವಳು ಕತ್ತನ್ನಷ್ಟೇ ಬಗ್ಗಿಸಿದಳು. ಪೇಟ ಜಾರಿ ಹುಬ್ಬಿನ ಮೇಲೆ ಕೂತಿತು. ಅದರ ಕೆಳಗಿನಿಂದ ಅವಳು ಅಪ್ಪನ ಕಡೆ ನೋಡಿದಳು. ಅವರು ಹಣ್ಣಿನ ಬುಟ್ಟಿ ನೋಡುತ್ತಿದ್ದರು.

ನಿರೂಪಣೆಗೆ ನಿಂತಿದ್ದ ಕಾಲೇಜಿನ ಸೌಮ್ಯಶ್ರೀ ಮೇಡಂ ಸಾಧನೆಗಳನ್ನು ಓದಿದರು. ಹನ್ನೆರಡರ ವಯಸ್ಸಿಗೇ ಜಿಲ್ಲೆಯ ತಂಡ, ರಾಜ್ಯದ ಕಿರಿಯರ ತಂಡಕ್ಕೆ ಚಿನ್ನ, ಹತ್ತೊಂಬತ್ತಕ್ಕೆ ದೇಶದ ಜೆರ್ಸಿ. ರೈಲ್ವೆ ತಂಡ ಸಾಲಾಗಿ ರಾಷ್ಟ್ರ ಪ್ರಶಸ್ತಿ ಗೆದ್ದ ವರ್ಷಗಳಲ್ಲಿ ಅತಿ ಹೆಚ್ಚು ಅಂಕ ಅವಳದೇ. ಥಾಯ್ಲೆಂಡಿನ ಕ್ಲಬ್ಬೊಂದು ಸಂಬಳ ಕೊಟ್ಟು ಕರೆಸಿಕೊಂಡು ಎರಡು ಸೀಸನ್ ಆಡಿಸಿತ್ತು. ಆ ಕ್ಲಬ್ಬು ಟ್ರೋಫಿ ಗೆದ್ದ ರಾತ್ರಿ ಅಲ್ಲಿಯ ಪತ್ರಿಕೆ ಅವಳ ಚಿತ್ರ ಹಾಕಿತ್ತು, ಹೆಸರಿನ ಕಾಗುಣಿತ ತಪ್ಪಿಸಿ. ಆಮೇಲೆ ದೇಶದ ನಾಯಕತ್ವ. ಆಮೇಲೆ ಮೊದಲ ಸಲ ಮೊಣಕಾಲು. ಮತ್ತೆ ವಾಪಸಾತಿ. ಮತ್ತೆ ಮೊಣಕಾಲು, ಮತ್ತೂ ಒಮ್ಮೆ. ಮೇಡಂ ಮೊಣಕಾಲುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿದರು.

ವಿಜಯ್‌ಕುಮಾರ್ ಕೇಳುತ್ತಿದ್ದರು. ಒಂದೊಂದು ಸಾಲು ಬಂದಾಗಲೂ ಆ ಪಂದ್ಯ ನೆನಪಿಸಿಕೊಳ್ಳಲು ನೋಡಿದರು. ಒಂದೂ ಬರಲಿಲ್ಲ. ಹಾಗೇಕೆಂದು ಅವರಿಗೆ ಗೊತ್ತಿತ್ತು.

ಕೊನೆಗೆ ಹರ್ಷಿತಾ ಮೈಕಿನ ಮುಂದೆ ಬಂದಳು. ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದಳು.

“ಮೇಡಂ ಎಲ್ಲ ಚೆನ್ನಾಗಿ ಓದಿದ್ರು. ನಾನೂ ಯಾರ ಬಗ್ಗೆನೋ ಅಂತ ಕೇಳ್ತಾ ಕೂತಿದ್ದೆ,” ಅಂದಳು. “ಆದ್ರೆ ಇದ್ರಲ್ಲಿ ಇಲ್ದೇ ಇರೋದು ಒಂದಿದೆ. ನಾನು ಆಡಿದ್ರಲ್ಲಿ ಎಲ್ಲಕ್ಕಿಂತ ಒಳ್ಳೇದು ಈ ಕೋರ್ಟಲ್ಲೇ ಆಡಿದ್ದು. ಹದಿನೇಳು ವರ್ಷ ಆಗ. ವಲಯದ ಫೈನಲ್. ನಾವು ಒಂದು ಪಾಯಿಂಟ್ ಹಿಂದೆ, ಇನ್ನೆರಡು ಸೆಕೆಂಡಲ್ಲಿ ಮುಗೀತು. ಚೆಂಡು ಅವರದ್ದು. ಆ ಕಡೆಯಿಂದ ಒಳಗೆ ಎಸೆದ್ರು, ನಾನು ನಡುವೆ ಹಾರಿ ಹಿಡ್ದೆ. ಇಬ್ರನ್ನ ದಾಟಿದ್ದು ನೆನಪಿದೆ. ಆಮೇಲೆ ಏನಾಯ್ತೋ ನಂಗೇ ಗೊತ್ತಿಲ್ಲ. ಕಾಲು ನೆಲಕ್ಕೆ ತಾಗ್ತಾ ಇರ್ಲಿಲ್ಲ ಅನ್ಸುತ್ತೆ. ಚೆಂಡು ಒಳಗೆ ಹೋಯ್ತು.”

ಹುಡುಗಿಯರ ಸಾಲು ಉಸಿರು ಬಿಗಿಹಿಡಿದಿತ್ತು. ಲಹರಿ ಮೊಣಕಾಲೂರಿ ಎದ್ದಿದ್ದಳು.

“ಮತ್ತೆ ನೋಡಿದ್ರೆ ಗಡಿಯಾರ ಓಡೇ ಇಲ್ಲ. ಗುಂಡಿ ಒತ್ತಿದ್ರೂ ಹತ್ತಿಲ್ಲ. ಓಡಿದ್ದಿದ್ರೆ ಅಷ್ಟೊತ್ತಿಗೆ ಟೈಮ್ ಮುಗಿದಿರ್ತಿತ್ತು ಅಂತ ರೆಫ್ರಿ ಬ್ಯಾಸ್ಕೆಟ್ ರದ್ದು ಮಾಡಿದ್ರು. ಸೋತ್ವಿ. ಹಂಗಾಗಿ ಅದು ಎಲ್ಲೂ ಬರ್ದಿಲ್ಲ.”

“ಆ ದರಿದ್ರ ಮಿಷನ್ನ ನಾನೇ ಗುಜರಿಗೆ ಹಾಕ್ದೆ ಕಣಮ್ಮ” ಎಂದು ಮೃತ್ಯುಂಜಯ ಕೂತಲ್ಲಿಂದಲೇ ಕೂಗಿದ. “ಪಾಪ, ನಿಮ್ಮಪ್ಪ ಅವತ್ತು ಮೂರು ಸಲ ಒತ್ತಿದೆ ಅಂದ್ರು ನಂಗೆ.”

ಮತ್ತೆ ನಗು. ಯಾರೋ ಹಿಂದಿನಿಂದ ವಿಜಯ್‌ಕುಮಾರರ ಭುಜ ತಟ್ಟಿದರು. ಅವರು ಅಲುಗಲಿಲ್ಲ.

ಗುಂಡಿ ಕೆಟ್ಟಿರಲಿಲ್ಲ. ಆ ದಿನ ಬೆಳಿಗ್ಗೆ ಅವರೇ ಅದನ್ನು ಬಿಚ್ಚಿ, ಒರೆಸಿ, ಪರೀಕ್ಷಿಸಿ ಜೋಡಿಸಿದ್ದರು. ಬೆರಳು ಗುಂಡಿಯ ಮೇಲೇ ಇತ್ತು. ಚೆಂಡು ಗಾಳಿಯಲ್ಲಿತ್ತು; ಅಷ್ಟರಲ್ಲಿ ಮಗಳು ಎಲ್ಲಿಂದಲೋ ಹಾರಿ ಬಂದಳು. ಆ ಹಾರಿದ ರೀತಿ. ಮನೆಯಲ್ಲಿ ಚಾಪೆ ಸುತ್ತಿಡಲು ಸೋಮಾರಿತನ ಮಾಡುವ, ಮೊಸರನ್ನಕ್ಕೆ ಉಪ್ಪಿನಕಾಯಿ ಸಾಲದೆಂದು ಜಗಳವಾಡುವ ಹುಡುಗಿಯೇ ಇವಳು? ಇದು ನಮ್ಮ ಮನೆಯಲ್ಲಿ ಹುಟ್ಟಿದ್ದೇ? ಅವಳು ದಾಟಿದಳು, ದಾಟಿದಳು, ಮೇಲೆ ಎದ್ದಳು. ಅವರು ನೋಡುತ್ತಲೇ ಇದ್ದರು. ಬೆರಳು ಇದ್ದಲ್ಲೇ ಇತ್ತು. ಬದುಕಿನಲ್ಲಿ ಅಷ್ಟು ಸಂತೋಷ ಅವರಿಗೆ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಎದುರಾಳಿ ಕೋಚು ಮೇಜಿಗೆ ನುಗ್ಗಿ ಬಂದು ಬಡಿದಾಗಲೇ ಅವರಿಗೆ ಎಚ್ಚರ. ರೆಫ್ರಿ ಕೇಳಿದ. ಮಗಳ ಆಟ ನೋಡುತ್ತ ಮೈಮರೆತೆ ಅಂದರೆ ಯಾರು ನಂಬುತ್ತಾರೆ? ಮಗಳನ್ನು ಗೆಲ್ಲಿಸಲು ಅಪ್ಪ ಗಡಿಯಾರ ನಿಲ್ಲಿಸಿದ ಅನ್ನುತ್ತಾರೆ. ಆ ಮಾತು ಅವಳ ಬೆನ್ನಿಗೆ ಜೀವನವಿಡೀ ಅಂಟಿಕೊಳ್ಳುತ್ತದೆ. “ಗುಂಡಿ ಹತ್ತಲಿಲ್ಲ ಸರ್” ಅಂದರು. ಕಲ್ಲು ವಿಜಯಣ್ಣನ ಮಾತನ್ನು ಎಲ್ಲರೂ ನಂಬಿದರು. ಆ ರಾತ್ರಿ ಹರ್ಷಿತಾ ದಿಂಬಿನಲ್ಲಿ ಮುಖವಿಟ್ಟು ಅತ್ತಳು. ಅವರು ನಡುಮನೆಯ ಕಂಬಕ್ಕೊರಗಿ ಕೇಳಿಸಿಕೊಂಡರು.

ಮೊದಲೂ ಮೇಜಿನಿಂದ ಕಂಡದ್ದು ಅರ್ಧಮರ್ಧ; ಅಂದಿನಿಂದ ಅವರು ಮಗಳ ಆಟವನ್ನೇ ನೋಡಲಿಲ್ಲ. ಕಣ್ಣು ನೆಟ್ಟದ್ದು ರೆಫ್ರಿಯ ಕೈಮೇಲೆ, ಗಡಿಯಾರದ ಕೆಂಪು ಅಂಕಿಯ ಮೇಲೆ. ಅವಳು ಓಡಿದರೆ ಒಂದು ನೆರಳು ಓಡಿದ ಹಾಗೆ, ಅಷ್ಟೇ. ಅವಳು ಪರದೇಶದಲ್ಲಿ ಆಡುವಾಗ ಕಮಲ ಫೋನು ಹಿಡಿದು, “ನೋಡ್ರೀ, ನೋಡ್ರೀ, ಹಾಕ್ಬುಟ್ಳು” ಅನ್ನುತ್ತಿದ್ದರೆ, ಇವರ ಕಣ್ಣು ತಾನಾಗಿ ಪರದೆಯ ಮೂಲೆಯ ಸಮಯಕ್ಕೆ ಹೋಗುತ್ತಿತ್ತು. ಬೇಡವೆಂದರೂ ಹೋಗುತ್ತಿತ್ತು. ಮೊದಲಿಂದ ನೋಡಿದವರು ನೀವೊಬ್ಬರೇ ಎಂದು ಅವಳು ನಂಬಿಕೊಂಡಿದ್ದಳು. ಅವರು ಕಣ್ತುಂಬ ನೋಡಿದ್ದು ಒಂದೇ ಒಂದು, ಅದೂ ಲೆಕ್ಕಕ್ಕೆ ಸೇರದ್ದು.

ಸಮಾರಂಭ ಮುಗಿದು ಉಪ್ಪಿಟ್ಟು, ಕೇಸರಿಬಾತು ಹಂಚಿದರು. ಅತಿಥಿಗಳು ಒಂದು ಸೆಲ್ಫಿ ತೆಗೆಸಿಕೊಂಡು ಹೊರಟರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಶುರುವಾಯಿತು. ಮೃತ್ಯುಂಜಯ ಕೈ ಒರೆಸಿಕೊಳ್ಳುತ್ತ ಬಂದ.

“ಏನಮ್ಮ ಹರ್ಷಿತಾ, ಏನ್ ತೀರ್ಮಾನ? ವಿಜಯಣ್ಣ, ನೀವಾದ್ರೂ ಒಂದ್ ಮಾತು ಹೇಳ್ರೀ. ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀರಾ?”

“ಅವ್ರು ಹೇಳೋದೇ ಆಗಿದ್ರೆ ನಮ್ಮ ಮದ್ವೆ ದಿನಾನೇ ಹೇಳ್ತಿದ್ರು” ಅಂದರು ಕಮಲ. “ನಾನೊಬ್ಳೇ ಬಡ್ಕೊಂಡು ಬಂದಿವ್ನಿ ಇಲ್ಲಿಗಂಟ.”

ಅಷ್ಟರಲ್ಲಿ ಲಹರಿ ಬಂದು ನಿಂತಳು. ಚೆಂಡು ಇನ್ನೂ ಕೈಯಲ್ಲೇ ಇತ್ತು. ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಕೇಳಿದಳು, “ಅಕ್ಕ, ನಾಳೆ ಎಷ್ಟೊತ್ತಿಗೆ ಬರ್ಬೇಕು?”

ಹರ್ಷಿತಾ ಹುಡುಗಿಗೆ ಉತ್ತರ ಕೊಡದೆ ಅಪ್ಪನ ಕಡೆ ತಿರುಗಿದಳು. ಕೇಳಬೇಕಾದ್ದನ್ನು ಕೇಳಿಯಾಗಿತ್ತು.

ವಿಜಯ್‌ಕುಮಾರ್ ಹುಡುಗಿಯ ಮೊಣಕಾಲುಗಳನ್ನು ನೋಡಿದರು. ಸಣ್ಣ, ಕಪ್ಪು, ಕೆರೆದುಕೊಂಡ, ಸರಿಯಾಗಿದ್ದ ಮೊಣಕಾಲುಗಳು. ಬಾಯಿ ತೆರೆದರು. ನಾಲಗೆಯ ತುದಿಗೆ ಬಂದದ್ದು ಹೌದೂ ಅಲ್ಲ, ಇಲ್ಲವೂ ಅಲ್ಲ. ಆ ದಿನದ್ದು. ಅದನ್ನು ಹೇಳಿದರೆ ಸಾಕು ಅನ್ನಿಸಿತು, ಬೇರೆ ಉತ್ತರವೇ ಬೇಡ. ಆದರೆ ಅದರ ಮೊದಲ ಮಾತು ಯಾವುದು? ನಿನ್ನ ಗೆಲುವು ಕಿತ್ತವನು ನಾನು ಅಂತ ಶುರುಮಾಡಬೇಕೇ? ಇಷ್ಟು ವರ್ಷ ಸುಳ್ಳು ಹೇಳಿದೆ ಅಂತಲೇ? ಕಣ್ಣು ಅವರನ್ನು ಕೇಳದೆ ಮೇಲೆ ಹೋಯಿತು. ಅಂಕಣದ ಮೂಲೆಯ ಹೊಸ ಗಡಿಯಾರದಲ್ಲಿ ಅಂಕಿಗಳಿರಲಿಲ್ಲ, ವೈರು ತೆಗೆದಿದ್ದರು.

“ಲೈಟ್ ಆರಿಸ್ತಾರೆ ಈಗ,” ಅಂದರು. “ನಡೀರಿ.”

ಹರ್ಷಿತಾ ಲಹರಿಯ ತಲೆಯ ಮೇಲೆ ಕೈಯಿಟ್ಟು, “ನಾಳೆ ಬರ್ಬೇಡ ಕಣೆ” ಅಂದಳು. ಮೃತ್ಯುಂಜಯ ಏನೋ ಹೇಳಲು ಹೋದ. “ಬೇಡ ಅಂಕಲ್. ನಂಗೆ ಉತ್ತರ ಸಿಕ್ತು” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಲಹರಿ ಚೆಂಡನ್ನು ಸ್ಟೋರಿನ ಬಲೆಯ ಚೀಲಕ್ಕೆ ಹಾಕಿ ಬಂದಳು. ಅದು ಒಳಗೆ ಇನ್ನೆರಡು ಚೆಂಡುಗಳಿಗೆ ಬಡಿದು ಸುಮ್ಮನಾಯಿತು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿ ರೈಲಿಗೆ ಅವಳನ್ನು ಬಿಡಲು ವಿಜಯ್‌ಕುಮಾರ್ ಒಬ್ಬರೇ ಹೋದರು. ಕಮಲ ಬಾಗಿಲಲ್ಲೇ ಕಣ್ಣೊರೆಸಿಕೊಂಡು ನಿಂತಿದ್ದರು; ಪೇಟ ಟೀವಿಯ ಮೇಲೆ ಕೂತಿತ್ತು. ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲನ್ನು ಹರ್ಷಿತಾ ಕಂಬಿ ಹಿಡಿದು, ಎರಡೂ ಪಾದವನ್ನು ಒಂದೊಂದು ಮೆಟ್ಟಿಲಿಗೂ ಇಟ್ಟು ಇಳಿದಳು, ಮೊದಲ ಸಲ ಇಳಿಯುವ ಮಗುವಿನ ಹಾಗೆ. ಹಿಂದಿನಿಂದ ಬಂದವರು ಅವಸರದಲ್ಲಿ ತಳ್ಳಿಕೊಂಡು ಮುಂದೆ ಹೋದರು. ಅವರು ಬ್ಯಾಗು ಹಿಡಿದು ಅವಳ ಪಕ್ಕದಲ್ಲಿ ಅವಳಷ್ಟೇ ನಿಧಾನವಾಗಿ ಇಳಿದರು. ಈಗ ನೋಡುತ್ತಿದ್ದರು. ನೋಡಬೇಡ ಅನ್ನುವ ಗಡಿಯಾರ ಈಗ ಯಾವುದೂ ಇರಲಿಲ್ಲ.

ಬೋಗಿಯಲ್ಲಿ ಬ್ಯಾಗು ಇಟ್ಟು ಇಳಿದು ಕಿಟಕಿಯ ಹೊರಗೆ ನಿಂತರು. ಅವಳು ಸರಳಿನ ನಡುವಿನಿಂದ ಅವರ ಕೈ ಹಿಡಿದಳು. ಎಷ್ಟೋ ವರ್ಷದ ಮೇಲೆ.

“ಬೇಜಾರು ಮಾಡ್ಕೋಬೇಡಿ ಅಪ್ಪ. ನೀವು ಸುಳ್ಳು ಹೇಳೋರಲ್ಲ. ಹೌದು ಅನ್ನೋಕಾಗ್ಲಿಲ್ಲ, ಸುಮ್ನಾದ್ರಿ. ನಂಗೆ ಅರ್ಥ ಆಯ್ತು.”

ಅವರು ಕಿಟಕಿಯ ಸರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

“ಆ ಒಂದು ಬ್ಯಾಸ್ಕೆಟ್ ನೆನಪಾಗುತ್ತೆ ನೋಡಿ, ಆಗಾಗ,” ಅಂದಳು. “ಅವತ್ತು ಯಾರಾದ್ರೂ ಸರಿಯಾಗಿ ನೋಡಿದ್ರೋ ಇಲ್ವೋ. ಎಲ್ರೂ ಆ ಹಾಳು ಗಡಿಯಾರನೇ ನೋಡಿರ್ತಾರೆ.”

“ನೀರಿನ ಬಾಟ್ಲು ಮೇಲೇ ಇಟ್ಕೊ,” ಅಂದರು ವಿಜಯ್‌ಕುಮಾರ್.

ರೈಲು ಕದಲಿತು. ಅವಳ ಕೈ ಸರಳಿನಿಂದ ಜಾರಿತು. ಅವರು ನಾಲ್ಕು ಹೆಜ್ಜೆ ಜೊತೆಗೆ ನಡೆದು, ಪ್ಲಾಟ್‌ಫಾರಂ ಮುಗಿಯುವ ಮೊದಲೇ ನಿಂತರು. ಬಲಗೈಯ ತೋರುಬೆರಳು ಪ್ಯಾಂಟಿನ ಜೇಬಿನ ಮೇಲೆ ಒತ್ತಿಕೊಂಡಿತ್ತು, ಅವರಿಗೇ ತಿಳಿಯದೆ.

ಆಮೇಲೆ ಹುಡುಗಿಯರ ಬ್ಯಾಚು ಮುಚ್ಚಿತು. ಹರ್ಷಿತಾ ಹಬ್ಬಕ್ಕೆ ಬಂದಳು, ಹೋದಳು. ಆಟದ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಆ ದಿನ ಗುಂಡಿ ಕೆಟ್ಟಿರಲಿಲ್ಲ, ನಿನ್ನನ್ನು ನೋಡುತ್ತ ಒತ್ತುವುದನ್ನೇ ಮರೆತೆ ಅಂತ ವಿಜಯ್‌ಕುಮಾರ್ ಅವಳಿಗೆ ಯಾವತ್ತೂ ಹೇಳಲಿಲ್ಲ.